ನಾನೇ ಓದಿಕೊಂಡ ಫಿಲ್ಮ್

ಪುತ್ತೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮೂವತ್ತನಾಲ್ಕು ವರ್ಷ ಎಕ್ಸ್‌ರೇ ತೆಗೆದವನು ನಾನು. ಊರಲ್ಲಿ ಬರೀ ಹಮೀದ್ ಎಂದರೆ ಯಾರಿಗೂ ತಿಳಿಯುವುದಿಲ್ಲ, ಎಕ್ಸ್‌ರೇ ಹಮೀದಾಕ ಎನ್ನಬೇಕು. ಸುಳ್ಯ, ಕಡಬದ ಕಡೆಯಿಂದ ಮರದಿಂದ ಬಿದ್ದು ಬಂದವರು, ಬೈಕಿನಿಂದ ಬಿದ್ದು ಬಂದವರು, ಕೆಮ್ಮು ಬಿಡುವುದಿಲ್ಲ ಎಂದು ಬಂದವರು, ಎಲ್ಲರ ಎಲುಬೂ ನನ್ನ ಕೈ ದಾಟಿಯೇ ಡಾಕ್ಟರ ಮೇಜಿಗೆ ಹೋಗುತ್ತಿತ್ತು. ಈಗ ನನ್ನ ತಲೆಯೊಳಗೆ ಚುಕ್ಕಿಗಳಿವೆ, ಮೊದಲ ಲೆಕ್ಕಕ್ಕೆ ಹನ್ನೊಂದು. ಅದು ಹೇಗೆ ಗೊತ್ತಾಯಿತು, ಗೊತ್ತಾಗುವ ಮೊದಲೂ ಆಮೇಲೂ ನಾನು ಎಂಥ ತಪ್ಪು ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ. ಗುಣವಾದವರ ಕತೆ ಓದಬೇಕೆಂದು ಕೂತವರು ಇಲ್ಲಿಗೇ ಬಿಡಬಹುದು, ನನಗೇನೂ ಬೇಸರವಿಲ್ಲ. ಇಂಥದೇ ಸ್ಕ್ಯಾನ್ ವರದಿಯ ಕವರನ್ನು ಬಟ್ಟೆಯ ಕೆಳಗೆ ಅಡಗಿಸಿಟ್ಟು ಮನೆಯವರ ಮುಖ ನೋಡುತ್ತ ಕೂತವರು ಯಾರಾದರೂ ಇದ್ದರೆ ಇದು ಅವರಿಗೆ.

ಐದು ವರ್ಷದ ಹಿಂದೆ ನನ್ನ ಎಡಗಡೆಯ ಕಿಡ್ನಿಯಲ್ಲಿ ಗಡ್ಡೆ ಸಿಕ್ಕಿತು. ಮಂಗಳೂರಿನಲ್ಲಿ ಕಿಡ್ನಿಯನ್ನೇ ತೆಗೆದರು. ಆಗ ನನ್ನ ಹೆಂಡತಿ ಮೈಮೂನಾ ಆಪರೇಷನ್ ಥಿಯೇಟರಿನ ಹೊರಗೆ ಕೂತು ಹರಕೆ ಹೊತ್ತಿದ್ದಳಂತೆ, ನಾನು ಐದು ವರ್ಷ ದಾಟಿದರೆ ಮಕ್ಕಾಕ್ಕೆ ಹೋಗಿ ಉಮ್ರಾ ಮಾಡಿ ಬರುತ್ತೇನೆ ಎಂದು. ಐದು ವರ್ಷ ಎಂಬ ಲೆಕ್ಕ ಅವಳಿಗೆ ಕೊಟ್ಟವರು ಡಾಕ್ಟರೇ. ಅಷ್ಟು ದಾಟಿದರೆ ಗೆದ್ದ ಹಾಗೆ ಎಂದಿದ್ದರು. ದಾಟಿದೆ. ಅವಳ ಅಕ್ಕ, ಅಣ್ಣ ಹೊರಟಿದ್ದ ಗುಂಪಿನಲ್ಲಿ ನಮ್ಮಿಬ್ಬರ ಹೆಸರೂ ಬರೆಸಿ ಆಯಿತು. ಹೊರಡಲು ಇನ್ನು ಮೂರು ವಾರ ಇರುವಾಗ ನನಗೆ ತಲೆ ಸುತ್ತಲು ಶುರುವಾಯಿತು.

ಸುತ್ತುವುದು ಎಂದರೆ ಬೀಳುವಷ್ಟಲ್ಲ. ದರ್ಬೆಯ ಮುಖ್ಯರಸ್ತೆ ದಾಟುವಾಗ ರಸ್ತೆಯೇ ಒಂದು ಬದಿಗೆ ವಾಲಿದ ಹಾಗೆ. ಚಾ ಲೋಟ ಎತ್ತಿಕೊಳ್ಳಲು ಹೋದರೆ ಕೈ ಲೋಟದಿಂದ ಎರಡು ಬೆರಳು ಆಚೆ ಹೋಗುತ್ತಿತ್ತು. ಪ್ರಾಯದ ದೋಷ ಎಂದೆ, ಪಿತ್ತ ಎಂದೆ. ರಾಮಕುಂಜದಲ್ಲಿರುವ ನನ್ನ ತಮ್ಮ, ಕುತ್ತಿಗೆಯ ಎಲುಬು ಸವೆದಿರಬೇಕು ಎಂದ, ಅದನ್ನೂ ಒಪ್ಪಿಕೊಂಡೆ. ಮೈಮೂನಾ ಮಾತ್ರ ಒಪ್ಪಲಿಲ್ಲ. ಸ್ಕ್ಯಾನ್ ಆಗದೆ ತಾನು ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದಳು. ತಲೆ ಸುತ್ತುತ್ತಾ ಅಲ್ಲಿನ ಜನಜಂಗುಳಿಯಲ್ಲಿ ನಡೆಯುವುದು ನನ್ನಿಂದಾಗದು ಎಂದು ನಾನು ಪ್ರಯಾಣ ಬಿಟ್ಟೆ. ಅವಳು ಹೋಗುವುದೋ ಬಿಡುವುದೋ ಎಂಬುದು ನನ್ನ ಎಂಆರ್‌ಐ ಮೇಲೆ ನಿಂತಿತು.

ಸ್ಕ್ಯಾನ್ ಆದದ್ದು ಅವಳು ಹೊರಡುವ ಹಿಂದಿನ ದಿನ. ಒಂದೇ ಕಿಡ್ನಿಯವನು, ರಕ್ತದ ಟೆಸ್ಟಿನಲ್ಲಿ ಅದೂ ಸ್ವಲ್ಪ ಹಿಂದೆಮುಂದೆ ಇದ್ದದ್ದರಿಂದ ಗಡ್ಡೆ ಎದ್ದು ಕಾಣಲು ಕೊಡುವ ಬಣ್ಣದ ಇಂಜೆಕ್ಷನ್ ಬೇಡ, ಮೊದಲು ಹಾಗೆಯೇ ತೆಗೆಯಿರಿ ಎಂದು ಡಾಕ್ಟರು ಬರೆದಿದ್ದರು. ಸ್ಕ್ಯಾನ್ ಸೆಂಟರಿನಲ್ಲಿ ಮಿಷನ್ ನೋಡಿಕೊಳ್ಳುವವಳು ದೀಕ್ಷಾ, ಮರ್ಕಂಜದ ಹುಡುಗಿ. ನಾನು ರಿಟೈರ್ ಆಗುವ ವರ್ಷ ಎರಡು ತಿಂಗಳ ತರಬೇತಿಗೆಂದು ನನ್ನ ಕೈಕೆಳಗೆ ಇದ್ದವಳು. ಫಿಲ್ಮ್ ನೋಡಿ ರೋಗಿ ಏನು ಕೇಳಿದರೂ ಡಾಕ್ಟ್ರು ಹೇಳ್ತಾರೆ ಎಂದಷ್ಟೇ ಅನ್ನಬೇಕು, ನಮ್ಮ ಮುಖದಲ್ಲೂ ಏನೂ ಕಾಣಬಾರದು ಎಂದು ಅವಳಿಗೆ ಕಲಿಸಿದವನು ನಾನೇ. ಚೆನ್ನಾಗಿ ಕಲಿತಿದ್ದಾಳೆ. ಇಪ್ಪತ್ತೈದು ನಿಮಿಷ ಆ ಕೊಳವೆಯೊಳಗೆ ಟಕಟಕ, ಗುಂಯ್ ಗುಂಯ್ ಕೇಳಿಸಿಕೊಂಡು ಹೊರಗೆ ಬಂದಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ. ವರದಿ ಬರೆಯುವ ಡಾಕ್ಟರು ಸಂಜೆ ನೋಡುತ್ತಾರೆ, ಸರ್, ಫೋನ್ ಮಾಡ್ತೇನೆ ಎಂದಳು. ಫಿಲ್ಮ್ ಮಾತ್ರ ಈಗಲೇ ಕೊಡು ಎಂದು ನಾನು ಕೇಳಿ ತೆಗೆದುಕೊಂಡೆ. ಹಳೆಯ ಗುರು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಕೊಟ್ಟಳು.

ಮನೆಗೆ ಬಂದು ಅಡುಗೆಮನೆಯ ಕಿಟಕಿಗೆ ಫಿಲ್ಮ್ ಹಿಡಿದೆ. ಮೈಮೂನಾ ಹಿಂದೆ ನಿಂತಿದ್ದಳು. ಇಲ್ಲಿ ಒಂದು ವಿಷಯ ಹೇಳಬೇಕು. ಎಕ್ಸ್‌ರೇ ನೋಡುವ ಕಣ್ಣು ಬೇರೆ, ಎಂಆರ್‌ಐ ನೋಡುವ ಕಣ್ಣು ಬೇರೆ. ಎಕ್ಸ್‌ರೇಯಲ್ಲಿ ಎಲುಬು ಬಿಳಿ, ಇದರಲ್ಲಿ ಕಪ್ಪು. ಎಕ್ಸ್‌ರೇಯಲ್ಲಿ ಒಂದು ಚಿತ್ರ, ಇದರಲ್ಲಿ ಒಂದೇ ತಲೆಯನ್ನು ಹಲಸಿನ ಹಪ್ಪಳದಷ್ಟು ತೆಳ್ಳಗೆ ಕತ್ತರಿಸಿ ಸಾಲಾಗಿ ಇಟ್ಟಿರುತ್ತಾರೆ. ನನಗೆ ಇದೆಲ್ಲ ಕೇಳಿ ಗೊತ್ತಿತ್ತೇ ಹೊರತು ಓದಿ ಗೊತ್ತಿರಲಿಲ್ಲ. ಆದರೂ ಓದಿದೆ. ಹಿಂಭಾಗದಲ್ಲಿ, ಎರಡು ಮೂರು ಕಡೆ, ಮಬ್ಬಾಗಿ ಬಿಳಿ ಹರಡಿದ ಹಾಗೆ ಕಂಡಿತು. ಕಾಣಲಿಲ್ಲ ಎಂದು ಸುಳ್ಳು ಹೇಳಲಾರೆ. ಪ್ರಾಯ ಆದವರ ತಲೆಯಲ್ಲಿ ಹಾಗೆ ಬಿಳಿ ಇರುತ್ತದೆ ಎಂದು ಡಾಕ್ಟರುಗಳು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಗಡ್ಡೆ ಎಂದರೆ ಗಡ್ಡೆಯ ಹಾಗೆ ದುಂಡಗೆ ಕಾಣಬೇಕಲ್ಲ? ದುಂಡಗಿನದು ಏನೂ ಇರಲಿಲ್ಲ.

"ಕ್ಲೀನ್ ಉಂಟು," ಎಂದೆ. "ನೀನು ಹೋಗಿ ಬಾ."

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸುಳ್ಯದಲ್ಲಿ ಟೀಚರಾಗಿರುವ ಮಗಳು ಶಾಹಿದಾಳಿಗೆ ಫೋನ್, ಅಕ್ಕನಿಗೆ ಫೋನ್, ಗಲ್ಫಿನ ಸಂಬಂಧಿಕರಿಗೆಲ್ಲ ಮೆಸೇಜು. ಅರ್ಧ ಗಂಟೆಯೊಳಗೆ ಹಮೀದಾಕನ ತಲೆ ಕ್ಲೀನ್ ಎಂದು ಮೂರು ದೇಶಕ್ಕೆ ಗೊತ್ತಾಯಿತು. ವರದಿ ಬರಲಿ ಎಂದು ಯಾರೂ ಹೇಳಲಿಲ್ಲ. ಎಕ್ಸ್‌ರೇ ಹಮೀದಾಕನೇ ನೋಡಿದ ಮೇಲೆ ಇನ್ನೆಂತ ವರದಿ?

ಆ ಸಂಜೆ ದೀಕ್ಷಾಳ ಫೋನ್ ಬಂದಿತ್ತು, ಸೂಟ್‌ಕೇಸಿನ ಗಡಿಬಿಡಿಯಲ್ಲಿ ನೋಡಲಿಲ್ಲ. ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗುವ ಕಾರಿನಲ್ಲಿ ಮತ್ತೆ ಬಂತು. ನೋಡಿದೆ, ಕಟ್ ಮಾಡಿದೆ. ಮೈಮೂನಾ ಪಕ್ಕದಲ್ಲಿ ಪ್ರಾರ್ಥನೆಗಳ ದುಆ ಪುಸ್ತಕ ಓದುತ್ತಿದ್ದಳು. ಆಮೇಲೆ ಮಾತಾಡಿದರಾಯಿತು ಎಂದುಕೊಂಡೆ.

ವರದಿ ತರಲು ಹೋದದ್ದು ಅದರ ಮರುದಿನ ಮಧ್ಯಾಹ್ನ. ದೀಕ್ಷಾ ಕವರನ್ನು ಎರಡೂ ಕೈಯಲ್ಲಿ ಕೊಟ್ಟಳು. ಕೆಳಗಿನ ಎರಡು ಸಾಲು ಸಾಕಾಯಿತು. ಬಾವು ಬಂದ ಹಾಗಿರುವ ಜಾಗಗಳಿವೆ, ಹಳೆಯ ರೋಗ ಮೆದುಳಿಗೆ ಹರಡಿರುವ ಸಂಶಯವಿದೆ, ಇಂಜೆಕ್ಷನ್ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಬೇಕು. ನಾನು ಪ್ರಾಯದ ಬಿಳಿ ಎಂದು ತಳ್ಳಿಹಾಕಿದ್ದು ಅದೇ ಬಾವು. ವೇಟಿಂಗ್ ರೂಮಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಮೊಣಕಾಲು ನೋವಿನ ಒಬ್ಬರು ಮಾರಾಯ್ರೆ ಇಲ್ಲಿ ಎಷ್ಟು ಹೊತ್ತು ಕಾಯಿಸ್ತಾರೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮನೆಗೆ ಮುಟ್ಟಿ ಒಂದು ಗಂಟೆ ಆಗಿರಬೇಕು, ಮೈಮೂನಾಳ ವಿಡಿಯೋ ಕಾಲ್ ಬಂತು. ಮಕ್ಕಾ ತಲುಪಿ, ರೂಮಿನಲ್ಲಿ ಸಾಮಾನು ಇಟ್ಟು, ಕಾಬಾ ಇರುವ ದೊಡ್ಡ ಮಸೀದಿ ಹರಮ್‌ಗೆ ಹೊರಟು ನಿಂತಿದ್ದಳು. ನಮ್ಮಲ್ಲಿ ಒಂದು ನಂಬಿಕೆ ಉಂಟು. ಕಾಬಾ ಮೊದಲ ಸಲ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಬೇಡಿದ್ದು ಸಿಗುತ್ತದೆ ಎಂದು. ಹೋಗುವವರೆಲ್ಲ ಆ ಒಂದು ಗಳಿಗೆಗೆ ಏನು ಬೇಡುವುದೆಂದು ವಾರಗಟ್ಟಲೆ ಯೋಚಿಸಿಟ್ಟುಕೊಂಡಿರುತ್ತಾರೆ. ಕೆಲವರು ಬರೆದೇ ಇಟ್ಟುಕೊಳ್ಳುತ್ತಾರೆ.

"ಈಗ ಹೋಗುದು," ಎಂದಳು. "ನಿಮಗೆ ಎಂತ ಕೇಳಲಿ?"

ಕವರು ನನ್ನ ತೊಡೆಯ ಮೇಲಿತ್ತು. ಫೋನಿನಲ್ಲಿ ಅವಳ ಮುಖ ಮಾತ್ರ ಕಾಣುತ್ತಿತ್ತು, ಬಿಳಿ ಬಟ್ಟೆಯೊಳಗೆ, ಹೊಸ ಮದುವೆಯ ದಿನಗಳಲ್ಲಿ ಇದ್ದಷ್ಟು ಸಣ್ಣದಾಗಿ.

"ನನಗೆ ಎಂತದೂ ಬೇಡ," ಎಂದೆ. "ನಂದು ಸರಿ ಉಂಟಲ್ಲ. ಶಾಹಿದಾಳಿಗೆ ಒಂದು ಮಗು ಕೇಳು."

ಶಾಹಿದಾಳಿಗೆ ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಮೈಮೂನಾ ತಲೆಯಾಡಿಸಿದಳು. ಅವಳೂ ಅದನ್ನೇ ಎಣಿಸಿದ್ದಳಂತೆ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ತುಂಬ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ದೂರದಲ್ಲಿ ಅವಳು ಗಾಬರಿಯಾಗಬಾರದು, ಹರಕೆ ಅರ್ಧಕ್ಕೆ ಬಿಟ್ಟು ಓಡಿ ಬರಬಾರದು, ಸಂಶಯ ಅಷ್ಟೇ ಅಲ್ಲವೇ, ಇನ್ನೂ ಖಚಿತವಾಗಿಲ್ಲವಲ್ಲ. ಇವೆಲ್ಲ ಹೇಳಲು ಚೆನ್ನಾಗಿವೆ. ನಿಜ ಬೇರೆ. ನನಗೆ ನಾಚಿಕೆಯಾಗಿತ್ತು. ನಿನ್ನೆ ಮೊನ್ನೆ ಕಿಟಕಿಗೆ ಹಿಡಿದು ಕ್ಲೀನ್ ಎಂದವನು, ಇವತ್ತು ನನಗೆ ಓದಲು ಬರುವುದಿಲ್ಲ ಎನ್ನಬೇಕಿತ್ತು. ಅಷ್ಟು ಸಣ್ಣ ಮಾತು ಬಾಯಿಂದ ಹೊರಡಲಿಲ್ಲ.

ಕಿಡ್ನಿ ಡಾಕ್ಟರ ಒಪ್ಪಿಗೆ ಪಡೆದು ಎರಡನೆಯ ಸ್ಕ್ಯಾನ್ ಮಾಡಿದರು. ವರದಿಯ ವಿಷಯ ಶಾಹಿದಾಳಿಗೆ ಮಾತ್ರ ಹೇಳಿದ್ದೆ, ಈ ಸಲ ಅವಳು ಜೊತೆಗಿದ್ದಳು. ಮುಗಿದ ಮೇಲೆ ನಾನು ದೀಕ್ಷಾಳ ಕೋಣೆಯ ಬಾಗಿಲಲ್ಲಿ ನಿಂತು, ನಾನು ರೋಗಿಯಾಗಿ ಕೇಳುವುದಲ್ಲ, ಕಲಿಯಲು ಕೇಳುವುದು, ತೋರಿಸು ಎಂದೆ. ಅವಳು ಎದ್ದು ಹೋಗಿ ಒಳಗಿದ್ದ ಡಾಕ್ಟರನ್ನು ಕೇಳಿ ಬಂದಳು. ಮತ್ತೆ ತನ್ನ ಕುರ್ಚಿ ನನಗೆ ಕೊಟ್ಟು ಪಕ್ಕದಲ್ಲಿ ನಿಂತಳು.

ಇಂಜೆಕ್ಷನ್ನಿಗೆ ಮೊದಲಿನದು, ನಂತರದ್ದು ಎಂದು ಎರಡು ಚಿತ್ರ ಪಕ್ಕಪಕ್ಕ ಇಟ್ಟಳು. ಮೊದಲಿನದರಲ್ಲಿ ಆ ಮಬ್ಬು ಬಿಟ್ಟರೆ ಏನೂ ಇಲ್ಲ, ಬರೀ ಬೂದು ಬಣ್ಣದ ಮೆದುಳು. ನಂತರದ್ದರಲ್ಲಿ ಅದೇ ಜಾಗದಲ್ಲಿ ಬೆಳ್ಳಗೆ ಒಂದು ಉಂಗುರ. ಒಳಗೆ ಕಪ್ಪು, ಸುತ್ತ ಬಿಳಿ ಅಂಚು. ಮೌಸನ್ನು ಉರುಳಿಸುತ್ತಾ ಹೋದಳು. ಒಂದೊಂದು ಪದರ ಕೆಳಗಿಳಿದ ಹಾಗೆ ಚುಕ್ಕಿಗಳು ಹುಟ್ಟುತ್ತಿದ್ದವು, ದೊಡ್ಡದಾಗುತ್ತಿದ್ದವು, ಮಾಯವಾಗುತ್ತಿದ್ದವು. ಕೆಲವು ಸಾಸಿವೆಯಷ್ಟು, ಕೆಲವು ಅಂಗಿಯ ಗುಂಡಿಯಷ್ಟು. ಹಿಂದಿನ ಸಣ್ಣ ಮೆದುಳಿನಲ್ಲಿ ಒಂದು ದೊಡ್ಡದು, ಸುತ್ತಲೂ ಬಾವು. ಲೋಟ ತಪ್ಪಿಸುತ್ತಿದ್ದದ್ದು ಅದು. ಬೂದು ಮತ್ತು ಬಿಳಿ ಸೇರುವ ಗೆರೆಯಲ್ಲೇ ಹೆಚ್ಚಿನವು ಕೂತಿದ್ದವು. ರಕ್ತನಾಳ ಅಲ್ಲಿ ಸಪೂರ ಆಗ್ತದೆ ಸರ್, ಬಂದದ್ದು ಅಲ್ಲೇ ಸಿಕ್ಕಿಕೊಳ್ತದೆ ಎಂದು ಅವಳು ಮೆಲ್ಲಗೆ ಹೇಳಿದಳು. ನಾನು ಎಣಿಸಿದೆ. ಹನ್ನೊಂದು. ಅವಳನ್ನು ಕೇಳಿದೆ, ನಿನ್ನ ಲೆಕ್ಕದಲ್ಲಿ ಎಷ್ಟು ಎಂದು. ಅವಳು ಪರದೆಯನ್ನೇ ನೋಡುತ್ತಾ, "ಡಾಕ್ಟ್ರು ಹೇಳ್ತಾರೆ, ಸರ್," ಎಂದಳು. ಆಮೇಲೆ ಕಣ್ಣು ಒರೆಸಿಕೊಂಡಳು. ಅದು ಅವಳಿಗೆ ನಾನು ಕಲಿಸಿರಲಿಲ್ಲ.

ಕಾರಿನಲ್ಲಿ ಶಾಹಿದಾ, ಉಮ್ಮನಿಗೆ, ತನ್ನ ತಾಯಿಗೆ, ಹೇಳಲೇಬೇಕು ಎಂದಳು. ಇನ್ನೂ ಹನ್ನೊಂದು ದಿನ ಉಂಟು, ಅಲ್ಲಿ ಕೂತು ಬೇಡಿಕೊಳ್ಳಲಿ ಎಂದಳು. ನಾನು ಬೈದೆ. ನನ್ನ ತಲೆ, ನನ್ನ ಇಷ್ಟ ಎಂದೆ. ಹೇಳಿದರೆ ನಾನು ಚಿಕಿತ್ಸೆಗೇ ಹೋಗುವುದಿಲ್ಲ ಎಂದು ಹೆದರಿಸಿದೆ. ಅವಳು ಸುಮ್ಮನಾದಳು. ಆ ಮೌನಕ್ಕಾಗಿ ಅವಳು ಇವತ್ತಿಗೂ ತನ್ನನ್ನು ತಾನು ಕ್ಷಮಿಸಿಕೊಂಡಿಲ್ಲ, ತಪ್ಪು ಪೂರ್ತಿ ನನ್ನದಾದರೂ.

ಮೈಮೂನಾ ಪ್ರತಿದಿನ ಸಂಜೆ ಕರೆ ಮಾಡುತ್ತಿದ್ದಳು. ಪ್ರತಿದಿನ ಅದೇ ಸುದ್ದಿ. ಇವತ್ತು ಶುಕ್ರಿನ, ಅಂದರೆ ಕೃತಜ್ಞತೆಯ, ನಮಾಜು ಮಾಡಿದೆ, ನಾಳೆಯೂ ಮಾಡುತ್ತೇನೆ, ನಿಮ್ಮ ತಲೆ ಉಳಿಸಿಕೊಟ್ಟ ಅಲ್ಲಾಹನಿಗೆ ಎಷ್ಟು ಸಲ ಶುಕ್ರ್ ಹೇಳಿದರೂ ಸಾಲದು. ಪಕ್ಕದ ರೂಮಿನ ಹೆಂಗಸರಿಗೆಲ್ಲ ನನ್ನ ಕತೆ ಹೇಳಿದ್ದಳು. ಅವರೂ ಸಂತೋಷಪಟ್ಟರಂತೆ. ನಾನು ಬಾವು ಇಳಿಯುವ ಗುಳಿಗೆ ನುಂಗಿ, ಅದರಿಂದ ಉಬ್ಬಿದ ಮುಖ ಕಾಣದ ಹಾಗೆ ಫೋನನ್ನು ದೂರ ಹಿಡಿದು ಹ್ಞೂಂ ಎನ್ನುತ್ತಿದ್ದೆ. ಊಟ ಜೋರುಂಟಾ, ಕೆನ್ನೆ ತುಂಬಿದೆ ಎಂದು ಒಂದು ದಿನ ತಮಾಷೆ ಮಾಡಿದಳು.

ಹದಿನೈದನೆಯ ದಿನ ಬಂದಳು. ಮನೆ ತುಂಬ ಜನ. ಬಂದವರಿಗೆಲ್ಲ ಮಕ್ಕಾದಿಂದ ತಂದ ಝಂಝಂ ನೀರು, ಖರ್ಜೂರ. ಒಬ್ಬೊಬ್ಬರಿಗೂ ಅವಳು ಹೇಳುತ್ತಿದ್ದಳು, ಇವರ ತಲೆ ಕ್ಲೀನ್ ಎಂದು ಗೊತ್ತಾದ ಮೇಲೇ ನಾನು ಹೋದದ್ದು ಎಂದು. ಎರಡು ದಿನ ಹಾಗೆಯೇ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಕಾಫಿ ಆದ ಮೇಲೆ ಎರಡನೆಯ ಕವರು ತಂದು, ಅದೇ ಕಿಟಕಿಗೆ ಹಿಡಿದು, ಅವಳನ್ನು ಕರೆದೆ. ಇದು ಇಂಜೆಕ್ಷನ್ ಕೊಟ್ಟ ಮೇಲಿನದು, ಈ ಉಂಗುರಗಳನ್ನು ನೋಡು ಎಂದೆ. ಪಾಠ ಮಾಡುವವನ ಹಾಗೆ ಒಂದೊಂದನ್ನೇ ಬೆರಳಿಟ್ಟು ತೋರಿಸಿದೆ. ಬೇರೆ ಹೇಗೆ ಹೇಳಬೇಕೆಂದು ನನಗೆ ತಿಳಿದಿರಲಿಲ್ಲ.

ಅವಳು ಅಳಲಿಲ್ಲ. ಬಹಳ ಹೊತ್ತು ಫಿಲ್ಮ್ ನೋಡಿದಳು. ಆಮೇಲೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಹೇಳಿದೆ. ತಾನು ಹರಮ್‌ಗೆ ಹೊರಟು ನಿಂತು ಫೋನ್ ಮಾಡುವಾಗ ಗೊತ್ತಿತ್ತಾ ಎಂದು ಕೇಳಿದಳು. ಸಂಶಯ ಎಂದು ಗೊತ್ತಿತ್ತು, ಕವರು ತೊಡೆಯ ಮೇಲಿತ್ತು ಎಂದೆ.

"ನಾನು ಅಲ್ಲಿ ನಿಂತಿದ್ದೆ," ಎಂದಳು. "ಎಂತ ಕೇಳಲಿ ಅಂತ ನಿಮ್ಮನ್ನೇ ಕೇಳಿದೆ. ನೀವು ಕೇಳ್ಲಿಕ್ಕೆ ಬಿಡಲಿಲ್ಲ. ಹದಿನೈದು ದಿನ ಅಲ್ಲಾಹನ ಮನೆ ಎದುರು ಕೂತು ಆಗದೇ ಇದ್ದದ್ದಕ್ಕೆ ಶುಕ್ರ್ ಹೇಳಿ ಬಂದೆ."

ಬಾಯಿಗೆ ಬಂದದ್ದನ್ನು ಹೇಳಿದೆ. ಅಲ್ಲಾಹನಿಗೆ ಎಲ್ಲ ಗೊತ್ತಿರುತ್ತದೆ, ನೀನು ಕೇಳದಿದ್ದರೂ ನಿನ್ನ ಮನಸ್ಸಿನಲ್ಲಿ ಇದ್ದದ್ದು ಅವನಿಗೆ ಗೊತ್ತಿತ್ತು ಎಂದೆ.

"ಅವನಿಗೆ ಗೊತ್ತಿತ್ತು," ಎಂದಳು. "ನನಗೆ ಗೊತ್ತಿರಲಿಲ್ಲವಲ್ಲ."

ಅದಾದ ಮೇಲೆ ಒಂದು ವಾರ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವ ಹತ್ತೂ ದಿನ ಮಂಗಳೂರಿಗೆ ಜೊತೆಗೇ ಬಂದಳು. ತಲೆಗೆ ಕೊಡುವಾಗ ಅಲುಗಾಡಬಾರದೆಂದು ಬಿಸಿನೀರಲ್ಲಿ ಮೆತ್ತಗಾಗಿಸಿದ ಬಲೆಯನ್ನು ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ, ದಿನಾ ಅದನ್ನೇ ಮುಖಕ್ಕೆ ಹಾಕಿ ಮೇಜಿಗೆ ಬಿಗಿಯುತ್ತಾರೆ. ಎಲ್ಲರ ಮುಖದ ಅಚ್ಚೂ ಹೆಸರು ಬರೆದು ಕಪಾಟಿನಲ್ಲಿ ಸಾಲಾಗಿ ಇರುತ್ತದೆ. ವೇಟಿಂಗ್ ರೂಮಿನಲ್ಲಿ ಕಡಬದ ಕಡೆಯ ಒಬ್ಬರು ಅಜ್ಜಿ ಮೈಮೂನಾಳಿಗೆ ಗೆಳತಿಯಾದರು. ಇಬ್ಬರೂ ತುಳುವಿನಲ್ಲಿ ಅಡುಗೆಯ ಮಾತಾಡುತ್ತಿದ್ದರು, ರೋಗದ ಮಾತೇ ಇಲ್ಲ. ಅಜ್ಜಿ ದಿನಾ ಒಂದು ಪೊಟ್ಟಣದಲ್ಲಿ ನೆಲ್ಲಿಕಾಯಿ ತಂದು ನನ್ನ ಬಾಯಿರುಚಿಗೆಂದು ಕೊಡುತ್ತಿದ್ದರು. ಏಳನೆಯ ದಿನ ಅವರು ಬರಲಿಲ್ಲ. ಎಂಟನೆಯ ದಿನವೂ ಇಲ್ಲ. ಅವರ ಅಚ್ಚು ಮಾತ್ರ ಕಪಾಟಿನಲ್ಲಿ ಇತ್ತು. ಮೈಮೂನಾ ಯಾರನ್ನೂ ಕೇಳಲು ಹೋಗಲಿಲ್ಲ.

ಕೂದಲು ಉದುರಿತು. ನಡುವೆ ಶುರುವಾಗಿದ್ದ ವಾಂತಿ ನಿಂತಿತು. ತಲೆ ಸುತ್ತುವುದು ಕಡಿಮೆಯಾಗಿ ಎರಡು ತಿಂಗಳು ಚೆನ್ನಾಗಿಯೇ ಇದ್ದೆ, ಮಸೀದಿಗೂ ನಡೆದು ಹೋದೆ. ಆಮೇಲಿನ ಸ್ಕ್ಯಾನಿನಲ್ಲಿ ಹಳೆಯ ಉಂಗುರಗಳು ಕೆಲವು ಸಣ್ಣಗಾಗಿದ್ದವು, ಹೊಸವು ಬಂದಿದ್ದವು. ಇನ್ನೊಮ್ಮೆ ಕರೆಂಟು ಕೊಟ್ಟರೆ ಇರುವ ನೆನಪೂ ಹೋಗಬಹುದು, ಬೇಡ ಎಂದು ಡಾಕ್ಟರೇ ಹೇಳಿದರು. ಇನ್ನು ಎಷ್ಟು ಸಮಯ ಎಂದು ಮೈಮೂನಾ ನೇರವಾಗಿ ಕೇಳಿದಳು. ಅವರು ನೇರವಾಗಿಯೇ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಶಾಹಿದಾಳಿಗೂ ಈವರೆಗೆ ಮಗು ಆಗಿಲ್ಲ.

ಇದನ್ನು ದಿನಕ್ಕೆ ಅರ್ಧ ಪುಟದಂತೆ ಬರೆಯುತ್ತಿದ್ದೇನೆ. ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತವೆ. ಮನೆಯವರಿಗೆ ಹೇಳಬೇಡಿ, ಅವರು ತಡೆದುಕೊಳ್ಳಲಿಕ್ಕಿಲ್ಲ ಎಂದು ನಿಮಗೆ ಬುದ್ಧಿ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ನನ್ನನ್ನು ಕೇಳಿದರೆ, ಹೇಳಿ. ಅವತ್ತೇ ಹೇಳಿ. ರೋಗ ನಿಮ್ಮದಾದರೂ, ಅದಕ್ಕಾಗಿ ಬೇಡಿಕೊಳ್ಳುವ ಹಕ್ಕು ಅವರದು. ಬೇಡಿದ್ದರೆ ನಾನು ಉಳಿಯುತ್ತಿದ್ದೆನೋ ಗೊತ್ತಿಲ್ಲ, ಇಲ್ಲವೆಂದೇ ನನಗೆ ಅನಿಸುತ್ತದೆ. ಆದರೆ ಅವಳು ಕೇಳಿ ಬಂದಿರುತ್ತಿದ್ದಳು.

ಮೈಮೂನಾಳ ಸಿಟ್ಟು ಈಗ ಇಳಿದಿದೆ. ಐದು ಹೊತ್ತಿನ ನಮಾಜಾದ ಮೇಲೂ ಬಹಳ ಹೊತ್ತು ಕೈಯೊಡ್ಡಿ ಕೂತಿರುತ್ತಾಳೆ. ಮೊನ್ನೆ ಶುಕ್ರವಾರ ಅವಳು ಚಾಪೆ ಮಡಚುವಾಗ, ಅಷ್ಟು ಹೊತ್ತು ಎಂತ ಕೇಳುದು ಎಂದು ತಮಾಷೆಗೆ ಕೇಳಿದೆ.

"ಬದುಕಬೇಕು ಅಂತ ಕೇಳುದು ಬಿಟ್ಟಿದ್ದೇನೆ," ಎಂದಳು. "ಕೊನೆವರೆಗೆ ನಿಮಗೆ ನನ್ನ ಗುರುತು ಇರಲಿ ಅಂತ ಕೇಳುದು."

ನನಗೆ ನಗು ಬಂತು. ಎಲ್ಲ ಮರೆತರೂ ನಿನ್ನನ್ನು ಮರೆಯುತ್ತೇನಾ, ನಲವತ್ತು ವರ್ಷದ ಸಂಸಾರ ಎಂದೆ.

ಅವಳು ಚಾಪೆಯನ್ನು ಕುರ್ಚಿಯ ಮೇಲಿಟ್ಟು ನನ್ನ ಅಂಗಿಯ ಕಾಲರು ಸರಿಮಾಡಿದಳು.

"ಈ ವಾರದಲ್ಲಿ ಮೂರು ಸಲ ನೀವು ನನ್ನನ್ನು ಉಮ್ಮಾ ಅಂತ ಕರೆದಿರಿ," ಎಂದಳು. "ನಾನು ಓ ಅಂದೆ."